ಹೆಸರಿನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ

ವಿಲಮಾರ್, 3 ನವೆಂಬರ್ 2004

ಅಪ್ಪನಿಗೆ ವರ್ಷಾಳ ನಮಸ್ಕಾರ.

ನನ್ನ ಮದುವೆಯಾಗಿ ಐದು ತಿಂಗಳಾಯಿತು. ಫೋನು ಮಾಡಿದರೆ ನಮ್ಮಿಬ್ಬರಲ್ಲಿ ಒಬ್ಬರು ಇಟ್ಟುಬಿಡುತ್ತೇವೆ, ಹೋದ ಎರಡು ಸಲವೂ ಹಾಗೇ ಆಯಿತು. ಕಾಗದವಾದರೆ ನಡುವೆ ನಿಲ್ಲಿಸಲು ಬರುವುದಿಲ್ಲ ಎಂದು ಬರೆಯಲು ಕೂತಿದ್ದೇನೆ. ಲಿಂಕೋಪಿಂಗಿನ ಅಡುಗೆಮನೆಯ ಮೇಜಿನ ಮೇಲೆ ಪ್ರತಿ ಭಾನುವಾರ ನೀವು ಕಾಪಿ ಬರೆಸಿ ಕಲಿಸಿದ ಕನ್ನಡ ಇದು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ಈ ಊರು ಬಾರ್ಸಿಲೋನಾದಿಂದ ರೈಲಿನಲ್ಲಿ ಒಂದು ಗಂಟೆ ದೂರ. ಒಂದು ಪುಟ್ಟ ಬಂದರು, ಮೀನಿನ ದೋಣಿಗಳು, ಗುಡ್ಡದ ಮೇಲೆ ಸ್ಮಶಾನ. ಜುಜೆಪ್ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಅವನ ತಾಯಿ ಕಾರ್ಮೆ, ನಾನು ಅತ್ತೆ ಎಂದೇ ಕರೆಯುತ್ತೇನೆ, ನಮ್ಮ ಜೊತೆಗೇ ಇದ್ದಾರೆ.

ಇಲ್ಲಿ ಹುಟ್ಟುಹಬ್ಬಕ್ಕಿಂತ ಹೆಸರಿನ ಹಬ್ಬ ದೊಡ್ಡದು. ದಿನಕ್ಕೊಬ್ಬ ಸಂತ, ಆ ಸಂತನ ಹೆಸರಿಟ್ಟುಕೊಂಡವರಿಗೆಲ್ಲ ಅಂದು ಹಬ್ಬ. ಸ್ವೀಡನ್ನಿನ ಕ್ಯಾಲೆಂಡರಿನಲ್ಲೂ ದಿನಕ್ಕೊಂದು ಹೆಸರಿರುತ್ತದಲ್ಲ, ಚಿಕ್ಕವಳಿದ್ದಾಗ ಹನ್ನೆರಡು ತಿಂಗಳೂ ಹುಡುಕಿ ನನ್ನ ಹೆಸರು ಸಿಗದೆ ಅತ್ತಿದ್ದೆ. ನೀವು ಫೆಬ್ರವರಿ ಮೂವತ್ತು ಎಂದು ಪೆನ್ನಿನಲ್ಲಿ ಬರೆದು ವರ್ಷಾ ಎಂದು ಸೇರಿಸಿ ಕೊಟ್ಟಿದ್ದಿರಿ. ಕಾರ್ಮೆ ಅತ್ತೆ ನನಗೆ ನಿಜವಾದ ದಿನವನ್ನೇ ಹುಡುಕಿದರು. ಸಂತರಿಲ್ಲದ ಹೆಸರಿನವರಿಗೆಲ್ಲ ಸಕಲ ಸಂತರ ದಿನವೇ ಹಬ್ಬವಂತೆ, ನವೆಂಬರ್ ಒಂದು.

ಅವತ್ತು ಬೆಳಿಗ್ಗೆ ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಗೋಡೆಯಲ್ಲಿ ಗೂಡುಗಳ ಹಾಗೆ ಸಮಾಧಿಗಳು. ಅಮೃತಶಿಲೆ ಒರೆಸಿ ಸೇವಂತಿಗೆ ಇಟ್ಟು ಮನೆಗೆ ಬರುತ್ತಾರೆ, ಸುಟ್ಟ ಚೆಸ್ಟ್‌ನಟ್ ಮತ್ತು ಬಾದಾಮಿಯ ಉಂಡೆ ತಿನ್ನುತ್ತಾರೆ. ಆಮೇಲೆ ನನ್ನ ಹಬ್ಬ. ಕಾರ್ಮೆ ಅತ್ತೆಯ ಮನೆಯಲ್ಲಿ ಹೆಸರಿನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬೇಕೆನಿಸಿದವರು ಬರುತ್ತಾರೆ. ಕರೆದರೆ ನೀನಾಗಿಯೇ ಬರುವವನಲ್ಲ ಎಂದು ಹೇಳಿದಂತೆ, ಅದು ಅವಮಾನವಂತೆ. ಯಾರೂ ಬರಲಾರರು ಎಂದುಕೊಂಡಿದ್ದೆ, ಹದಿನೇಳು ಜನ ಬಂದರು.

ನಿಮಗೆ ತಿಳಿದಿರಲಿ ಎಂದು ಬರೆದೆ. ಅಮ್ಮನಿಗೂ ಓದಿ ಹೇಳಿ.

ವರ್ಷಾ


ಲಿಂಕೋಪಿಂಗ್, 21 ನವೆಂಬರ್ 2004

ವರ್ಷಾಳಿಗೆ ಅಪ್ಪ ಗಂಗಾಧರನ ಆಶೀರ್ವಾದ.

ತಪ್ಪುಗಳು ಏಳು. ತಿದ್ದಬೇಡಿ ಎಂದಿದ್ದರಿಂದ ಎಣಿಸಿ ಸುಮ್ಮನಾದೆ.

ನಿನ್ನ ಅಮ್ಮ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಓದಿದಳು. ಈಗ ಅದು ಎಲ್ಲಿದೆ ಎಂದು ನನಗೆ ಗೊತ್ತಿಲ್ಲ. ಅವಳ ದಿಂಬಿನ ಕೆಳಗೆ ಇರಬಹುದು.

ನವೆಂಬರ್ ಒಂದು ನಿನ್ನ ಒಬ್ಬಳ ಹಬ್ಬವಲ್ಲ ಎಂಬುದು ನೆನಪಿರಲಿ. ಇಲ್ಲಿ ರೀಡ್ ಬಡಾವಣೆಯಲ್ಲಿ ಹಾಲ್ ಹಿಡಿದು ರಾಜ್ಯೋತ್ಸವ ಮಾಡಿದೆವು. ಬೆಂಗಳೂರಿನಿಂದ ಎರಡು ವರ್ಷದ ಪರ್ಮಿಟ್ ಮೇಲೆ ಬಂದ ಹುಡುಗರೇ ಈಗ ಹೆಚ್ಚು. ಮಹೇಶ ಎಂಬವನು ಬಿಸಿಬೇಳೆ ಬಾತ್ ಮಾಡಿದ್ದ. ಕಮ್ಯೂನ್ ಕಚೇರಿಯಿಂದ ಬಂದ ಹೆಂಗಸು ಒಂದು ತುತ್ತು ತಿಂದು ಎರಡು ಲೋಟ ನೀರು ಕುಡಿದು ಭಾಷಣ ಮಾಡಿದಳು. ಅಧ್ಯಕ್ಷ ನಾನೇ, ಬೇರೆ ಯಾರಿಗೂ ಪುರುಸೊತ್ತಿಲ್ಲ.

ಕರೆಯದೆ ಹೋಗುವ ಪದ್ಧತಿಯ ಬಗ್ಗೆ ಬರೆದಿದ್ದೀಯೆ. ಅವರವರ ಊರಿನಲ್ಲಿ ಅವರವರ ರೀತಿ. ತುಮಕೂರಿನಲ್ಲಿ ನನ್ನ ಅಪ್ಪನ ಸ್ವಂತ ತಮ್ಮ ನಾಲ್ಕು ಬೀದಿ ಆಚೆ ಇದ್ದ. ಮಗಳ ಮದುವೆಯ ಪತ್ರಿಕೆಯನ್ನು ಅಂಚೆಯಲ್ಲಿ ಹಾಕಿದ. ಮನೆಗೆ ಬಂದು ಕುಂಕುಮ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅಪ್ಪ ಹೋಗಲಿಲ್ಲ. ಮದುವೆಯ ದಿನ ವಾಲಗದ ಸದ್ದು ನಮ್ಮ ಜಗಲಿಗೇ ಕೇಳುತ್ತಿತ್ತು. ಅಪ್ಪ ಊಟ ಬಿಟ್ಟು ಅಲ್ಲೇ ಕೂತಿದ್ದರು, ಎದ್ದು ಹೋಗಲಿಲ್ಲ. ನಾನು ಅವರ ಮಗ. ಇದನ್ನು ನಿನ್ನನ್ನು ನೋಯಿಸಲು ಬರೆದದ್ದಲ್ಲ.

ದೋಣಿ ರಿಪೇರಿಯವರಿಗೆ ನಾನು ಕೇಳಿದೆ ಎಂದು ಹೇಳು. ಮೂವತ್ತು ವರ್ಷ ವಿಮಾನದ ಕೆಲಸ ಮಾಡಿದವನು ಕೇಳಿದ ಎಂದು ಹೇಳಬೇಕಾಗಿಲ್ಲ.

ನಿನ್ನ ಅಪ್ಪ


ವಿಲಮಾರ್, 17 ಜುಲೈ 2005

ಅಪ್ಪನಿಗೆ,

ಕ್ರಿಸ್‌ಮಸ್ಸಿನ ಮರುದಿನದ ಸಂತ ಎಸ್ತೇವನ ಹಬ್ಬಕ್ಕೂ ಬರೆದೆ, ಏಪ್ರಿಲ್ಲಿನಲ್ಲಿ ಗುಲಾಬಿ ಮತ್ತು ಪುಸ್ತಕ ಕೊಡುವ ಸಂತ ಜೋರ್ದಿಯ ಹಬ್ಬಕ್ಕೂ ಬರೆದೆ. ನೀವು ಎರಡಕ್ಕೂ ಹವಾಮಾನದ ವರದಿ ಕಳಿಸಿದಿರಿ. ಆದರೂ ಬರೆಯುತ್ತೇನೆ.

ನಿನ್ನೆ ಕಾರ್ಮೆ ಅತ್ತೆಯ ಹೆಸರಿನ ದಿನ. ಕಡಲಿಗೆ ಹೋಗುವವರನ್ನು ಕಾಯುವ ಮಾತೆಯ ಹೆಸರು ಅವರದು, ಹಾಗಾಗಿ ಇಡೀ ಬಂದರಿಗೇ ಹಬ್ಬ. ಮಾತೆಯ ವಿಗ್ರಹವನ್ನು ದೊಡ್ಡ ದೋಣಿಯಲ್ಲಿ ಕೂರಿಸಿ ಉಳಿದ ದೋಣಿಗಳು ಹಾರ್ನ್ ಹೊಡೆಯುತ್ತ ಹಿಂದೆ ಹೋಗುತ್ತವೆ. ಬಂದರು ದಾಟಿದ ಮೇಲೆ ಎಲ್ಲರೂ ಇಂಜಿನ್ ನಿಲ್ಲಿಸುತ್ತಾರೆ. ಹೋಗಿ ವಾಪಸ್ ಬಾರದವರಿಗೆ ಹೂ ಹಾಕುತ್ತಾರೆ. ನನ್ನ ಮಾವ ಹದಿನಾಲ್ಕು ವರ್ಷದ ಹಿಂದೆ ಹೋದವರು, ದೇಹ ಸಿಗಲಿಲ್ಲ. ಅತ್ತೆ ಹೂ ಹಾಕಿ, ಕೈ ಒರೆಸಿಕೊಂಡು, ಬೇಗ ಮನೆಗೆ ಹೋಗೋಣ, ಜನ ಬರುತ್ತಾರೆ ಎಂದರು.

ಜನ ಬಂದರು. ಅವರಲ್ಲಿ ಪಕ್ಕದ ಬೀದಿಯ ಒಬ್ಬ ಮುದುಕ ಇದ್ದ. ಮಾವ ಹೋದ ದಿನ ಆ ದೋಣಿಯಲ್ಲಿ ಹೋಗಬೇಕಾಗಿದ್ದವನು ಅವನಂತೆ, ಜ್ವರ ಎಂದು ಉಳಿದನಂತೆ. ಅಂದಿನಿಂದ ಈ ಮನೆಯೊಂದಿಗೆ ಮಾತಿರಲಿಲ್ಲ. ನಿನ್ನೆ ಸುಮ್ಮನೆ ಒಳಗೆ ಬಂದ. ಅತ್ತೆ ತಟ್ಟೆ ಕೊಟ್ಟರು. ಅವನು ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತದ್ದು ಅವನಿಗಾಗಿ ಅಲ್ಲ ಎಂದು ನಿಮಗೆ ಗೊತ್ತಾಗುತ್ತದೆ.

ಈ ಸಲ ನವೆಂಬರ್ ಒಂದು ಮಂಗಳವಾರ. ನಾನು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ.

ವರ್ಷಾ


ಲಿಂಕೋಪಿಂಗ್, 28 ಆಗಸ್ಟ್ 2005

ವರ್ಷಾಳಿಗೆ,

ಫೋನಿನಲ್ಲಿ ಅಮ್ಮ ಹೇಳಿರುತ್ತಾಳೆ. ಅವಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿಟ್ಟು ಮಾತ್ರೆ ಕೊಟ್ಟು ಕಳಿಸಿದರು. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆ. ಹೆದರುವಂಥದ್ದೇನೂ ಇಲ್ಲ.

ನಾನು ಮೇ ತಿಂಗಳಲ್ಲಿ ನಿವೃತ್ತನಾದೆ. ಕೇಕ್ ಕತ್ತರಿಸಿ, ಕಾಫಿ ಕೊಟ್ಟು ಫೀಕಾ ಮಾಡಿ, ಒಂದು ಗಾಜಿನ ಹೂದಾನಿ ಕೈಗಿಟ್ಟರು. ದಿನವಿಡೀ ಮನೆಯಲ್ಲಿದ್ದರೆ ನಾನು ಎಷ್ಟು ಮಾತಾಡುತ್ತೇನೆ ಎಂದು ನಿನ್ನ ಅಮ್ಮನಿಗೆ ಈಗ ತಿಳಿಯುತ್ತಿದೆ.

ಅವಳು ಮೊನ್ನೆ ಮಾಳಿಗೆಯಿಂದ ಸೂಟ್‌ಕೇಸು ಇಳಿಸಿದ್ದಾಳೆ. ಯಾರು ಕರೆದರು ಎಂದು ಕೇಳಿದೆ. ಅವಳು ಜುಲೈ ತಿಂಗಳ ನಿನ್ನ ಕಾಗದ ತಂದು ಮುಂದೆ ಹಿಡಿದಳು. ಮನೆಯಲ್ಲಿರುತ್ತೇನೆ ಎಂದು ಬರೆದಿದ್ದಾಳೆ, ಬನ್ನಿ ಎಂದು ಎಲ್ಲಿ ಬರೆದಿದ್ದಾಳೆ ಎಂದೆ. ಹೌದಲ್ಲವೆ? ಒಂದು ಸಾಲು ಸಾಕಾಗಿತ್ತು.

ನವೆಂಬರ್ ಒಂದಕ್ಕೆ ನನಗೆ ರಾಜ್ಯೋತ್ಸವದ ಜವಾಬ್ದಾರಿಯೂ ಇದೆ. ಡಾಕ್ಟರನ್ನು ಅಕ್ಟೋಬರಿನಲ್ಲಿ ನೋಡುವುದಿದೆ, ಪ್ರಯಾಣದ ಬಗ್ಗೆ ಕೇಳುತ್ತೇನೆ.

ನಿನ್ನ ಅಪ್ಪ


ವಿಲಮಾರ್, 20 ಸೆಪ್ಟೆಂಬರ್ 2005

ಅಪ್ಪ,

ನಿಮ್ಮನ್ನು ಒಮ್ಮೆ ಕರೆದಿದ್ದೇನೆ. ಮರೆತಿದ್ದರೆ ನೆನಪಿಸುತ್ತೇನೆ. ಮದುವೆಯ ಪತ್ರಿಕೆಯನ್ನು ಕನ್ನಡದಲ್ಲಿ ನಾನೇ ಕೈಯಾರೆ ಬರೆದೆ, ಇಲ್ಲಿ ಅಚ್ಚು ಹಾಕುವವರು ಯಾರಿದ್ದಾರೆ? ನಾಲ್ಕು ಮೂಲೆಗೂ ಕುಂಕುಮ ಹಚ್ಚಿ ರಿಜಿಸ್ಟರ್ ಮಾಡಿ ಕಳಿಸಿದೆ. ಪರೀಕ್ಷೆಯ ನಡುವೆ ರಜೆ ಸಿಗಲಿಲ್ಲ, ಬಂದು ಕರೆಯಲು ಆಗಲಿಲ್ಲ, ಅದನ್ನೂ ಬರೆದಿದ್ದೆ. ನೀವು ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಅಂಚೆಯವನು ಕರೆದ್ರೆ ಬರೋನಲ್ಲ ನಾನು." ಟೌನ್ ಹಾಲಿನಲ್ಲಿ ಮುಂದಿನ ಸಾಲಿನ ಎರಡು ಕುರ್ಚಿಗಳನ್ನು ಕೊನೆಯವರೆಗೂ ಯಾರಿಗೂ ಕೊಡಲಿಲ್ಲ.  ಜುಜೆಪ್‌ನ ಸಂಬಂಧಿಕರು ಹಿಂದೆ ನಿಂತಿದ್ದರು.

ನಿಮಗೆ ಅಂಚೆಯದು ನೆಪ, ದೋಣಿ ರಿಪೇರಿಯವನು ಕಾರಣ ಎಂದು ನನಗೆ ಗೊತ್ತು.

ಮತ್ತೆ ಕರೆಯಲಾರೆ. ಕರೆದರೆ ನೀವು ಬರಬಹುದು. ಆದರೆ ಕರೆದದ್ದಕ್ಕೆ ಬಂದಿರಿ ಎಂದಾಗುತ್ತದೆ, ಮರ್ಯಾದೆ ಉಳಿಯಿತೆಂದು ಬಂದಿರಿ ಎಂದಾಗುತ್ತದೆ. ನನ್ನನ್ನು ನೋಡಬೇಕೆನಿಸಿ ಬಂದಿರಿ ಎಂದು ನನಗೆ ತಿಳಿಯಬೇಕು. ಇದು ಹಟವೇ. ಹಟ ಎಲ್ಲಿಂದ ಬಂತು ಎಂದು ಕೇಳಬೇಡಿ, ತುಮಕೂರಿನ ಜಗಲಿಯ ಕಥೆ ಹೇಳಿದವರು ನೀವೇ.

ಅಮ್ಮನ ಬಗ್ಗೆ ಮಾತ್ರ ಹೆದರಿಕೆಯಾಗುತ್ತಿದೆ. ಡಾಕ್ಟರು ಏನೆಂದರು ಎಂದು ತಪ್ಪದೆ ಬರೆಯಿರಿ.

ವರ್ಷಾ


ವಿಲಮಾರ್, 2 ನವೆಂಬರ್ 2005

ಅಪ್ಪ,

ಡಾಕ್ಟರು ಪ್ರಯಾಣ ಬೇಡ ಎಂದರಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ನಗುನಗುತ್ತಲೇ ಹೇಳಿದಳು. ಹಾಗಾದರೆ ಅವಳು ಬರಲಿಲ್ಲವೆಂದು ನಾನು ಕೊರಗಬಾರದು, ಕೊರಗುವುದಿಲ್ಲ.

ನಿನ್ನೆ ಇಪ್ಪತ್ತೆರಡು ಜನ ಬಂದರು. ಎಲ್ಲರೂ ಹೋದ ಮೇಲೂ ನಾನು ಬಾಗಿಲು ಹಾಕಲಿಲ್ಲ. ಕೊನೆಗೆ ಚಳಿಗಾಳಿ ಬರುತ್ತಿದೆ ಎಂದು ಅತ್ತೆಯೇ ಎದ್ದು ಹಾಕಿದರು.

ಜನವರಿಯಲ್ಲಿ ನನಗೆ ರಜೆ ಸಿಕ್ಕರೆ ಅಮ್ಮನನ್ನು ನೋಡಲು ನಾನೇ ಬರುತ್ತೇನೆ. ಇಲ್ಲದಿದ್ದರೆ ಮಾರ್ಚಿನಲ್ಲಿ ಖಂಡಿತ.

ವರ್ಷಾ


ಲಿಂಕೋಪಿಂಗ್, 9 ಏಪ್ರಿಲ್ 2006

ವರ್ಷಾ,

ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ಬರೆಯುವುದು ಸುಲಭ ಎಂದುಕೊಂಡಿದ್ದೆ. ಇದು ಐದನೆಯ ಹಾಳೆ. ನಾಲ್ಕನ್ನು ಹರಿದು ಹಾಕಿದ್ದೇನೆ.

ಫೆಬ್ರವರಿಯಲ್ಲಿ ನಾನು ಫೋನಿನಲ್ಲಿ ಅಮ್ಮ ಹೋದಳು ಎಂದಷ್ಟೇ ಹೇಳಿದೆ. ಬಾ ಎನ್ನಲಿಲ್ಲ. ಸಾವಿನ ಮನೆಗೆ ನಾವು ಯಾರನ್ನೂ ಕರೆಯುವುದಿಲ್ಲ, ಕೇಳಿದವರು ಬರುತ್ತಾರೆ. ಮಾರನೆಯ ದಿನ ಮಧ್ಯಾಹ್ನ ನೀನು ಬಾಗಿಲಲ್ಲಿದ್ದೆ. ಇಲ್ಲಿ ದಹನಕ್ಕೆ ಹನ್ನೊಂದು ದಿನ ಕಾಯಬೇಕಾಯಿತು. ಆ ಹನ್ನೊಂದು ದಿನ ನಾವಿಬ್ಬರೂ ಒಂದೇ ಮನೆಯಲ್ಲಿ ಉಪ್ಪು, ಮೊಸರು, ಬೀಗದ ಕೈ, ಇಷ್ಟರ ಬಗ್ಗೆ ಮಾತ್ರ ಮಾತಾಡಿದೆವು. ಒಂದು ಸಂಜೆ ನೀನು ಪಾತ್ರೆ ಒರೆಸುತ್ತ ಕೇಳಿದೆ, "ಡಾಕ್ಟ್ರು ನಿಜವಾಗ್ಲೂ ಬೇಡ ಅಂದ್ರಾ ಅಪ್ಪ?" ನಾನು ಹೂಂ ಎಂದೆ.

ಅದು ಸುಳ್ಳು.

ಆಸ್ಪತ್ರೆ, ಬ್ಯಾಂಕು, ಕಮ್ಯೂನು, ಎಲ್ಲಿ ಹೋದರೂ ಅವಳ ಪರವಾಗಿ ನಾನೇ ಮಾತಾಡುವುದು ನಮ್ಮ ಮನೆಯ ರೀತಿ, ನಿನಗೂ ಗೊತ್ತಿದೆ. ಅಕ್ಟೋಬರ್ ಹನ್ನೊಂದರಂದೂ ಹಾಗೇ ಆಯಿತು. ಅವಳು ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಪ್ರಯಾಣದ ಬಗ್ಗೆ ಕೇಳಿದೆ. ಡಾಕ್ಟರು ಹೋಗಬಹುದು ಎಂದರು, ಮಾತ್ರೆ ತಪ್ಪಿಸಬಾರದು, ವಿಮಾನದಲ್ಲಿ ಆಗಾಗ ಎದ್ದು ಓಡಾಡಬೇಕು, ಮಗಳನ್ನು ನೋಡಿ ಬಂದರೆ ಒಳ್ಳೆಯದೇ ಎಂದರು. ನಾನು ಅವಳ ಕಡೆ ತಿರುಗಿ ಕನ್ನಡದಲ್ಲಿ ಬೇಡವಂತೆ ಎಂದೆ. ಅವಳು ಆಯ್ತು ಎಂದಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳೇ ಮಾತು ತೆಗೆದಳು. "ಡಾಕ್ಟ್ರು ಒಳ್ಳೆಯವ್ರು ಕಣ್ರೀ. ನಿಧಾನವಾಗಿ ಮಾತಾಡ್ತಾರೆ, ಎಲ್ಲ ಅರ್ಥ ಆಗತ್ತೆ."

ಹದಿನೈದು ವರ್ಷ ದಾಗಿಸ್ ಶಿಶುವಿಹಾರದ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು, ಅರವತ್ತು ಸ್ವೀಡಿಷ್ ಮಕ್ಕಳಿಗೆ ದಿನಾ ಊಟ ಬಡಿಸಿದವಳು. ಅವಳಿಗೆ ಅರ್ಥವಾಗುವುದಿಲ್ಲ ಎಂದು ನಾನು ಹೇಗೆ ತಿಳಿದೆನೋ. ಆಮೇಲೆ ಅವಳು ನಿನಗೂ ಅದೇ ಸುಳ್ಳನ್ನು ಹೇಳಿದಳು, ನನ್ನ ಮುಖ ಉಳಿಯಲಿ ಎಂದು. ನನ್ನನ್ನು ಒಂದು ಮಾತು ಬೈಯಲಿಲ್ಲ. ಸೂಟ್‌ಕೇಸನ್ನು ಮತ್ತೆ ಮೇಲಿಡಿ ಎಂದಳು, ಇಟ್ಟೆ.

ರಾಜ್ಯೋತ್ಸವವೂ ನೆಪವೇ. ಹಾಲ್ ಸಿಕ್ಕಿದ್ದು ಐದನೇ ತಾರೀಕು ಶನಿವಾರಕ್ಕೆ. ಮಂಗಳವಾರ ನವೆಂಬರ್ ಒಂದರಂದು ನಾವಿಬ್ಬರೂ ಮನೆಯಲ್ಲಿ ಟಿವಿ ನೋಡುತ್ತ ಕೂತಿದ್ದೆವು. ಅವಳು ಆಗಾಗ ಗಡಿಯಾರ ನೋಡುತ್ತಿದ್ದಳು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನಗೆ ಗೊತ್ತಿರಬೇಕು, ಅಷ್ಟೆ.

ಅಪ್ಪ


ಲಿಂಕೋಪಿಂಗ್, 25 ಜೂನ್ 2006

ವರ್ಷಾ,

ಉತ್ತರ ಬರಲಿಲ್ಲ. ಬರಬೇಕೆಂದೇನೂ ಇಲ್ಲ. ಮೊನ್ನೆ ಮಧ್ಯ ಬೇಸಿಗೆಯ ಹಬ್ಬ, ಕೆಳಗಿನ ಹುಲ್ಲಿನ ಮೇಲೆ ಕಂಬ ನೆಟ್ಟು ಕುಣಿದರು. ಮಹೇಶ ಮತ್ತು ಅವನ ಹೆಂಡತಿ ಬಂದು ಕರೆದರು, ಹೋಗಲಿಲ್ಲ. ಕರೆದರೂ ಹೋಗದವನು ಎಂದು ನಿನ್ನ ಅಮ್ಮ ಇದ್ದಿದ್ದರೆ ನಗುತ್ತಿದ್ದಳು.

ಊಟ ಸರಿಯಾಗಿ ಮಾಡುತ್ತಿದ್ದೇನೆ.

ಅಪ್ಪ


ವಿಲಮಾರ್, 15 ಅಕ್ಟೋಬರ್ 2006

ಅಪ್ಪ,

ಏಪ್ರಿಲ್ಲಿನ ಕಾಗದವನ್ನು ಓದಿ ಮುಚ್ಚಿಟ್ಟೆ. ಜುಜೆಪ್‌ಗೆ ಹೇಳಿದ್ದು ಆಗಸ್ಟಿನಲ್ಲಿ. ನಿಮ್ಮ ಮೇಲಿನ ಸಿಟ್ಟು ಇಳಿಯಲಿ ಎಂದು ಕಾದೆ, ಇಳಿದಿಲ್ಲ. ನನ್ನ ಮೇಲಿನ ಸಿಟ್ಟೂ ಇಳಿದಿಲ್ಲ. ಬಾ ಅಮ್ಮ ಎಂದು ಒಂದು ಸಾಲು ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿಮಗೆ ಪಾಠ ಕಲಿಸಲು ಹೋಗಿ ಅವಳನ್ನು ಕಳೆದುಕೊಂಡೆ. ಅವಳು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ನಿಮಗಾಗಿ ನನಗೆ ಸುಳ್ಳು ಹೇಳಿ ಹೋದಳು.

ಈ ವರ್ಷ ನವೆಂಬರ್ ಒಂದಕ್ಕೆ ನಾನು ಬಾಗಿಲು ತೆರೆಯುವುದಿಲ್ಲ. ಅಮ್ಮ ಹೋದ ವರ್ಷ ಹಬ್ಬವಿಲ್ಲ. ಮದುವೆಯಾದ ಮಗಳಿಗೆ ಮೂರು ದಿನದ ಸೂತಕ ಸಾಕು ಎಂದು ಮಹೇಶನ ಹೆಂಡತಿ ಹೇಳಿದ್ದಳು. ನನಗೆ ಸಾಲದು. ಅತ್ತೆಗೆ ವಿಷಯ ಹೇಳಿದೆ, ಅವರು ಬೀದಿಯವರಿಗೆಲ್ಲ ತಿಳಿಸಿದ್ದಾರೆ. ನಿಮಗೂ ತಿಳಿಸಬೇಕಾದ್ದು ಎಂದು ತಿಳಿಸುತ್ತಿದ್ದೇನೆ.

ಇಲ್ಲಿ ಅವತ್ತು ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೋಗುತ್ತಾರೆ. ನನಗೆ ಹೋಗಲು ಜಾಗವಿಲ್ಲ.

ವರ್ಷಾ


ವಿಲಮಾರ್ ರೈಲು ನಿಲ್ದಾಣ, 1 ನವೆಂಬರ್ 2006

ವರ್ಷಾ,

ಮೇಲೆ ಬರೆದ ಊರಿನ ಹೆಸರು ತಪ್ಪಲ್ಲ. ನಿಲ್ದಾಣದ ಕಾಫಿ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಸ್ಟಾಕ್‌ಹೋಮಿನಿಂದ ಹೊರಟೆ, ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಇಳಿದೆ. ಆರೂ ಮುಕ್ಕಾಲಿನ ರೈಲಿಗೆ ವಾಪಸ್.

ಕಾಗದದ ಮೇಲಿನ ವಿಳಾಸ ಹಿಡಿದು ಮನೆ ಹುಡುಕಿದೆ. ಹಸಿರು ಬಾಗಿಲು ಎಂದು ನೀನು ಎಂದೂ ಬರೆದಿರಲಿಲ್ಲ. ಮುಚ್ಚಿತ್ತು. ಎದುರು ಗೋಡೆಗೆ ಒರಗಿ ನಿಂತೆ. ಇಬ್ಬರು ಹೆಂಗಸರು ಪೊಟ್ಟಣ ತಂದರು, ಬಾಗಿಲು ನೋಡಿ ಮೆಟ್ಟಿಲ ಮೇಲಿಟ್ಟು ಹೋದರು. ಹಬ್ಬವಿಲ್ಲ ಎಂದು ತಿಳಿಸಿದ್ದರೂ ಬಂದಿದ್ದಾರೆ. ನಿನ್ನನ್ನು ಈ ಬೀದಿಯವರು ಇಷ್ಟು ಹಚ್ಚಿಕೊಂಡಿದ್ದಾರೆ ಎಂದು ನಾನು ತಿಳಿದಿರಲಿಲ್ಲ, ಅಥವಾ ನೀನು ಬರೆದದ್ದನ್ನು ನಾನು ಸರಿಯಾಗಿ ಓದಿರಲಿಲ್ಲ.

ಆಮೇಲೆ ಜನರ ಹಿಂದೆ ಗುಡ್ಡ ಹತ್ತಿದೆ. ಮೊದಲು ನಿನ್ನನ್ನು ನಡಿಗೆಯಿಂದ ಗುರುತು ಹಿಡಿದೆ. ನಿನ್ನ ಅತ್ತೆ ಗೋಡೆಯ ಗೂಡೊಂದನ್ನು ಒರೆಸುತ್ತಿದ್ದರು. ಕಡಲಿಗೆ ಹೋದ ನಿನ್ನ ಮಾವನದ್ದೇ ಇರಬೇಕು, ಒಳಗೆ ಏನೂ ಇಲ್ಲದಿದ್ದರೂ ಹೆಸರು ಕೆತ್ತಿಸಿದ್ದಾರೆ. ಏಣಿ ಹಿಡಿದು ನಿಂತವನು ಜುಜೆಪ್. ಒಳ್ಳೆಯ ಗಟ್ಟಿ ಹುಡುಗ, ಏಣಿಯ ಜೊತೆ ತಾಯಿಯ ಕಾಲನ್ನೂ ಹಿಡಿದಿದ್ದ. ನಿನ್ನ ಕೈಯಲ್ಲಿ ಬೇರೆ ಒಂದು ಕಟ್ಟು ಹಳದಿ ಸೇವಂತಿಗೆ ಇತ್ತು. ಅವರ ಕೆಲಸ ಮುಗಿದ ಮೇಲೂ ನೀನು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಎಲ್ಲಿಡಬೇಕೆಂದು ಆ ಕಡೆ ಈ ಕಡೆ ನೋಡಿದೆ. ಕೊನೆಗೆ ನಿನ್ನ ಅತ್ತೆ ನಿನ್ನ ಕೈ ಹಿಡಿದು ಏಣಿ ಹತ್ತಿಸಿ ಆ ಗೂಡಿನೊಳಗೆ, ತಮ್ಮ ಹೂವಿನ ಪಕ್ಕದಲ್ಲಿ ಇಡಿಸಿದರು.

ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಬರಬೇಕೆಂದು ಎರಡು ಸಲ ಹೊರಟೆ. ನಿನ್ನ ಅಮ್ಮನಿಗಾಗಿ ಅಳಲು ನಿನಗೆ ಇದ್ದದ್ದು ಅದೊಂದೇ ಹೊತ್ತು, ಅದರ ನಡುವೆ ನಾನು ಬಂದು ನಿಂತರೆ ನೀನು ನನ್ನನ್ನು ನೋಡಿಕೊಳ್ಳಬೇಕಾಗುತ್ತಿತ್ತು. ಬೇಡವೆನಿಸಿತು. ನಿಜ ಹೇಳಬೇಕೆಂದರೆ ಹೆದರಿಕೆಯೂ ಆಯಿತು. ಇಳಿದು ಬರುವಾಗ ನಿನ್ನ ಅತ್ತೆ ನನ್ನ ಪಕ್ಕದಲ್ಲೇ ಹಾದುಹೋದರು. ಯಾರೋ ಪರದೇಶಿ ಮುದುಕ ಎಂದುಕೊಂಡು ತಲೆಬಾಗಿ ಏನೋ ಹೇಳಿದರು. ನಾನೂ ಕೈಮುಗಿದೆ. ನೀನು ಹಿಂದೆ ತಲೆ ತಗ್ಗಿಸಿ ಬರುತ್ತಿದ್ದೆ.

ಈ ಕಾಗದವನ್ನು ನಾನೇ ತಂದು ನಿಮ್ಮ ಬಾಗಿಲ ಅಂಚೆಪೆಟ್ಟಿಗೆಗೆ ಹಾಕುತ್ತೇನೆ. ಬಾಗಿಲು ತಟ್ಟುವುದಿಲ್ಲ. ಅವಳ ಸೂತಕದ ವರ್ಷವನ್ನು ನೀನು ಹಿಡಿದಿದ್ದೀಯೆ, ಅದನ್ನು ನನಗಾಗಿ ಮುರಿಯಬೇಡ. ಇದಕ್ಕೆ ಉತ್ತರವನ್ನೂ ಬರೆಯಬೇಕಾಗಿಲ್ಲ.

ನಿನ್ನನ್ನು ನೋಡಬೇಕೆನಿಸಿತು, ಬಂದೆ. ಹೋದ ವರ್ಷ ಇಬ್ಬರೂ ಬರಬಹುದಿತ್ತು.

ಅಪ್ಪ